ಲ್ಯಾಬ್ ಮಾಮನ ಬಣ್ಣದ ಚೀಟಿ

“ಕೋಪ ಮಾಡ್ಕೋಬೇಡಿ ಬೀಗಿತ್ತಮ್ಮ. ನಿಂಬೆರಸ ಎರಡು, ಅದು ಆಮ್ಲ, ಚೀಟಿ ಕೆಂಪಗಾಗುತ್ತೆ. ಸೋಪಿನ ನೀರು ಹತ್ತು, ಪ್ರತ್ಯಾಮ್ಲ, ನೀಲಿಗೆ ತಿರುಗುತ್ತೆ. ಶುದ್ಧ ನೀರು ಏಳು, ಅದು ಯಾರ ಪಕ್ಷಾನೂ ವಹಿಸಲ್ಲ, ಹಸಿರು. ನಿಮ್ಮ ಕಾಫಿ ಐದು. ನಾಲಿಗೆ ಸುಳ್ಳು ಹೇಳಬಹುದು, ಚೀಟಿ ಹೇಳಲ್ಲ!” ನಿನ್ನೆ ಬೀಗರ ಮನೆಯಲ್ಲಿ ಕೊಟ್ಟ ಕಾಫಿಗೆ ಚೀಟಿ ಅದ್ದಿ ಲ್ಯಾಬ್ ಮಾಮ ಸಮಜಾಯಿಷಿ ಕೊಟ್ಟರು. ಶಾಲೆಯ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಸೀಸೆ ತೊಳೆದು ನಿವೃತ್ತರಾದ ಲ್ಯಾಬ್ ಮಾಮನ ಜೇಬಿನಲ್ಲಿ ಕರವಸ್ತ್ರ ಇಲ್ಲದಿದ್ದರೂ ಪಿಎಚ್ ಚೀಟಿಯ ಕಟ್ಟು ಇರಲೇಬೇಕು. ಶಾಂಪೂ, ಮಳೆನೀರು, ನೆಗಡಿಯ ಔಷಧಿ, ಯಾವುದನ್ನೂ ಅವರು ಬಿಟ್ಟವರಲ್ಲ. “ಹಾಗಾದರೆ ನನ್ನ ಮುಖ ಎಷ್ಟು?” ಎಂದು ಬೀಗಿತ್ತಿ ಸಿಡುಕಿದರೆ, “ಸದ್ಯಕ್ಕೆ ಎರಡು” ಎಂದುಬಿಟ್ಟರು. ಹೆಂಡತಿ ಹಣೆ ಚಚ್ಚಿಕೊಂಡಳು. ಆದರೆ ಆಸಿಡ್ ಹೊಗೆ ಕುಡಿದು ಕುಡಿದು ಗಂಡನ ಮೂಗು, ನಾಲಿಗೆ ಎರಡೂ ಸತ್ತಿರುವುದು ಅವಳೊಬ್ಬಳಿಗೇ ಗೊತ್ತು. ಹೋದ ವರ್ಷ ಹುಳಿ ತಿರುಗಿದ ಹಾಲಿಗೆ ಸಕ್ಕರೆ ಹಾಕಿ ಅವರೇ ಮೊಮ್ಮಗಳಿಗೆ ಕುಡಿಸಿದ್ದರು. ಮಗು ಎರಡು ದಿನ ವಾಂತಿ ಮಾಡಿತು. ಚೀಟಿ ಜೇಬಿಗೆ ಬಂದದ್ದು ಅಂದಿನಿಂದ. ಇವತ್ತೂ ಬೆಳಿಗ್ಗೆ ಮೊಮ್ಮಗಳು ಲೋಟ ಹಿಡಿದು ನಿಂತಿದ್ದಳು. ಮಾಮ ಹಾಲಿಗೆ ಚೀಟಿ ಅದ್ದಿ, ಕಿಟಕಿಯ ಬೆಳಕಿಗೆ ಹಿಡಿದು, “ಆರೂವರೆ, ಒಳ್ಳೇ ಹಾಲು” ಎಂದು ಘೋಷಿಸಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ದನಿ ತಗ್ಗಿಸಿ, “ಯಾವುದಕ್ಕೂ ನೀನೊಂದ್ಸಲ ಮೂಸಿ ನೋಡೇ” ಎಂದರು. ಅವಳು ಮೂಸಿ, “ಚೆನ್ನಾಗಿದೆ ರೀ” ಎಂದಳು. ಮಾಮ ಒಲೆ ಹಚ್ಚಿ ಹಾಲು ಕಾಯಲು ಇಟ್ಟರು.