ಮೂರು ಸಲ, ಗಟ್ಟಿಯಾಗಿ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಮೈಕಮ್ಮ ಎನ್ನುತ್ತಿದ್ದರು; ಎದುರಿಗಲ್ಲ, ಬೆನ್ನ ಹಿಂದೆ. ಹುಟ್ಟಿನಿಂದ ಬಂದ ಗಂಟಲು ಅದು. ಚಿಕ್ಕಂದಿನಲ್ಲಿ ಅಮ್ಮ "ಮೆಲ್ಲಗೆ ಮಾತಾಡೇ, ಬೀದಿಗೆಲ್ಲ ಕೇಳುತ್ತೆ" ಎಂದು ತಲೆಗೆ ಮೊಟಕುತ್ತಿದ್ದಳು. ಮದುವೆಯಾದ ಮೇಲೆ ಆ ಕೆಲಸವನ್ನು ಅತ್ತೆ ವಹಿಸಿಕೊಂಡರು. ಶಾಲಾ ಜಮೀನುಗಳ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿ, ಪಾಪ, ಆದಷ್ಟು ಬಾಯಿ ಮುಚ್ಚಿಕೊಂಡೇ ಇದ್ದಳು.

ಹೆದ್ದಾರಿ ಪಕ್ಕದ ಏಳು ಎಕರೆಯನ್ನು ಸರ್ಕಾರ ಎಂದೋ ಊರಿನ ಶಾಲೆಗೆಂದು ಮೀಸಲಿಟ್ಟಿತ್ತು. ಅದರ ಬಾಡಿಗೆಯಿಂದಲೇ ಶಾಲೆಯ ಸೂರು, ಬೆಂಚು, ಪುಸ್ತಕ ಎಲ್ಲ. ಐದು ವರ್ಷಕ್ಕೊಮ್ಮೆ ಬಾಡಿಗೆಯ ಹರಾಜು. ಅದಕ್ಕೆ ಮುಂಚೆ ಪ್ರಕಟಣೆಯನ್ನು ಮೂರು ಸಲ ಗಟ್ಟಿಯಾಗಿ ಓದಬೇಕೆಂಬುದು ನಿಯಮ. ಓದುತ್ತಲೂ ಇದ್ದರು, ಸಾಹೇಬರ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು! ಕೇಳಿಸಿಕೊಳ್ಳಲು ಮರದ ಡಿಪೋದ ಮಾಲೀಕನೊಬ್ಬನೇ. ಸವಾಲು ಕೂಗಲು ಬೇರೆ ಯಾರೂ ಇಲ್ಲದ ಮೇಲೆ ಹಳೆಯ ಪುಡಿಗಾಸಿಗೇ ಜಮೀನು ಮತ್ತೆ ಅವನ ಪಾಲು. ಅತ್ತ ಶಾಲೆಯಲ್ಲಿ ಐದು ತರಗತಿಗೆ ಎರಡೇ ಕೋಣೆ, ಅದರಲ್ಲೊಂದರ ಸೂರು ಕುಸಿದು ವರ್ಷವಾಗಿತ್ತು.

ಪ್ರಕಟಣೆ ಓದುತ್ತಿದ್ದ ಗುಮಾಸ್ತ ನಿವೃತ್ತನಾದ. ಈ ಸಲ ಕಾಗದ ಮೈಕಮ್ಮನ ಕೈಗೆ ಬಂತು.

"ಓದೋದೇನೂ ಬೇಡ, ಓದಿದೀನಿ ಅಂತ ಸಹಿ ಹಾಕಿಬಿಡಿ, ಸಾಕು," ಎಂದರು ಸಾಹೇಬರು. ಡಿಪೋ ಮಾಲೀಕ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ನಕ್ಕ.

"ಓದದೆ ಹೇಗೆ ಸಾರ್ ಸಹಿ ಹಾಕ್ಲಿ?"

"ಸರಿ ಬಿಡಿ, ಇಲ್ಲೇ ಓದಿ. ಸ್ವಲ್ಪ ಮೆಲ್ಲಗೆ."

ಆ ಮಾತು ಅವಳ ನೆತ್ತಿಗೇರಿತು. ಬೆಳಿಗ್ಗೆಯಷ್ಟೇ ಮಗಳು, "ಅಮ್ಮಾ, ರಿಟೈರ್ ಆಗೋಕೆ ಎಂಟೇ ತಿಂಗಳಿದೆ, ಆ ಹರಾಜಿನ ಉಸಾಬರಿ ನಿನಗ್ಯಾಕೆ?" ಎಂದು ಕೈಮುಗಿದಿದ್ದಳು. ಪಿಂಚಣಿಗೆ ಕಲ್ಲು ಬೀಳಬಹುದೆಂದು ಅವಳಿಗೂ ಗೊತ್ತಿತ್ತು. ಭಯವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಕಾಗದ ಹಿಡಿದು ನೇರ ಹೊರಗೆ ಹೋಗಿ ಕಚೇರಿಯ ಮೆಟ್ಟಿಲ ಮೇಲೆ ನಿಂತಳು.

ಎದುರಿಗೆ ಬಸ್ ನಿಲ್ದಾಣ. ಮೊದಲ ಸಲ ಓದಿದಾಗ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಎರಡನೆಯ ಸಲಕ್ಕೆ ಟೀ ಅಂಗಡಿಯವನು ರೇಡಿಯೊ ಬಂದ್ ಮಾಡಿದ. ಅಷ್ಟರಲ್ಲಿ ಸಾಹೇಬರು ಏದುಸಿರು ಬಿಡುತ್ತ ಬಂದರು.

"ಏನಮ್ಮಾ ಇದು, ತಲೆ ಕೆಟ್ಟಿದೆಯಾ? ಒಳಗೆ ಬನ್ನಿ!"

"ಇನ್ನೂ ಒಂದು ಸಲ ಬಾಕಿ ಇದೆ ಸಾರ್."

"ನಿಮ್ಮ ಪಿಂಚಣಿ ಏನಾಗುತ್ತೆ ನೋಡ್ತಿರಿ."

"ಅದನ್ನೂ ಗಟ್ಟಿಯಾಗಿ ಹೇಳಿ ಸಾರ್, ಎಲ್ಲರಿಗೂ ಕೇಳಲಿ."

ಮೈಕಮ್ಮ ಮೂರನೆಯ ಸಲ ಓದಿದಳು, ಹಳೆಯ ಬಾಡಿಗೆ ಎಷ್ಟೆಂಬುದನ್ನು ಬಿಡಿಸಿ ಬಿಡಿಸಿ. ಹೂಗಿಡಗಳ ನರ್ಸರಿ ಇಟ್ಟಿದ್ದ ಹೆಂಗಸೊಬ್ಬಳು ಚೀಲ ಕೆಳಗಿಟ್ಟು ರಸ್ತೆ ದಾಟಿದಳು.

"ಏಳೆಕರೆ ಇಷ್ಟಕ್ಕಾ? ಇದರ ನಾಲ್ಕರಷ್ಟು ನಾನೇ ಕೊಡ್ತೀನಲ್ಲ! ಎಲ್ಲಿ ಹೆಸರು ಬರೆಸ್ಬೇಕು?"

ಅವಳ ಹಿಂದೆಯೇ ಲಾರಿ ಮಾಲೀಕನೊಬ್ಬ ಬಂದ. ಒಳಗೆ ಡಿಪೋ ಮಾಲೀಕ ಚಾಚಿದ್ದ ಕಾಲನ್ನು ಎಳೆದುಕೊಂಡ.

ವಾರ ಕಳೆದು ಹರಾಜಿನಲ್ಲಿ ಜಮೀನು ನರ್ಸರಿಯವಳಿಗಾಯಿತು, ಶಾಲೆಯ ಸೂರಿಗೆ ದಾರಿಯಾಯಿತು. ಮೈಕಮ್ಮನಿಗೂ ಒಂದು ನೋಟೀಸು ಬಂತು: ಕಚೇರಿಯ ಘನತೆಗೆ ಧಕ್ಕೆ ತಂದಿದ್ದೀರಿ, ವಿವರಣೆ ಕೊಡಿ. ಅವಳು ಕನ್ನಡಕ ಒರೆಸಿಕೊಂಡು ಮತ್ತೆ ಅದೇ ಮೆಟ್ಟಿಲಿಗೆ ಹೋಗಿ ನಿಂತಳು. ನೋಟೀಸನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು, ಮೂರು ಸಲ.