ಎತ್ತಿಗೆ ಕೊಟ್ಟ ಸೋಮವಾರ

ಕೊರೊನಾ ಮುಗಿದ ಮರುವರ್ಷ. ಆಗ ನಾನು ಧರ್ಮಪುರಿ ಜಿಲ್ಲೆಯ ಕಂಬೈನಲ್ಲೂರು ಭಾಗದಲ್ಲಿ ರೇಷ್ಮೆ ಇಲಾಖೆಯ ಸಹಾಯಕ ನಿರೀಕ್ಷಕ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಕಡತ ಬರೆಯುವುದು ತಮಿಳಿನಲ್ಲಿ, ಬೈಯುವುದು ಮನೆಮಾತು ಕನ್ನಡದಲ್ಲಿ. ಬೈಯುವುದರಲ್ಲಿ ನಾನು ಯಾವತ್ತೂ ಜಿಪುಣತನ ಮಾಡಿದವನಲ್ಲ. ಯಾರ ಮನೆಗೆ ಹೋದರೂ ‘ಸುಣ್ಣ ಹೊಡೆದಿರಾ?’ ಎಂದೇ ಮಾತು ಶುರು ಮಾಡುತ್ತಿದ್ದುದರಿಂದ ಬೆನ್ನ ಹಿಂದೆ ಎಲ್ಲರೂ ನನ್ನನ್ನು ‘ಸುಣ್ಣದ ಸಾರ್’ ಎನ್ನುತ್ತಿದ್ದರು.

ಆ ಸುಣ್ಣದ ವಿಷಯ ಸ್ವಲ್ಪ ಹೇಳಬೇಕು. ರೇಷ್ಮೆಹುಳು ಇಪ್ಪತ್ತೈದು ಚಿಲ್ಲರೆ ದಿನಗಳ ಬದುಕಿನಲ್ಲಿ ನಾಲ್ಕು ಸಲ ಹಳೇ ಚರ್ಮ ಕಳಚುತ್ತದೆ. ಪ್ರತಿ ಸಲವೂ ಒಂದು ದಿನ, ಕೊನೆಯ ಸಲ ಇನ್ನೂ ಸ್ವಲ್ಪ ಹೆಚ್ಚು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಏನೂ ತಿನ್ನುವುದಿಲ್ಲ. ರೈತರು ಇದನ್ನು ಜ್ವರಕ್ಕೆ ಕೂರುವುದು ಎನ್ನುತ್ತಾರೆ, ಆದರೆ ಅದು ಕಾಯಿಲೆಯಲ್ಲ. ಆಗ ಹಿಪ್ಪುನೇರಳೆ ಸೊಪ್ಪು ಹಾಕುವುದು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ ಹುಳು ಮಲಗುವ ಹಾಸು ಒಣಗಿಸಬೇಕು. ಹೆಚ್ಚುಕಮ್ಮಿ ಎಲ್ಲ ಹುಳುಗಳೂ ಎದ್ದ ಮೇಲೆಯೇ ಮತ್ತೆ ಮೇವು, ಇಲ್ಲದಿದ್ದರೆ ಬೆಳವಣಿಗೆ ಏರುಪೇರಾಗುತ್ತದೆ.

ಒಂದು ದಿನ ನಮ್ಮ ಭಾಗದಲ್ಲಿ ಹುಳು ಸಾಕುವ ಸಿದ್ದಮ್ಮ ಫೋನ್ ಮಾಡಿದರು. ಅವರದೂ ಮನೆಮಾತು ಕನ್ನಡವೇ, ನಡುನಡುವೆ ತಮಿಳು ಬೆರೆತದ್ದು. “ಸಾರ್, ಉಳ ಒಂದು ದಪ್ಪ, ಒಂದು ಸಣ್ಣ ಆಗೈತೆ. ಕೊಂಜ ಬಂದು ನೋಡಿ.” ಐವತ್ತರ ಆಸುಪಾಸಿನ ವಿಧವೆ. ದುಡಿಮೆಯಲ್ಲಿ ಅವರನ್ನು ಮೀರಿಸುವವರು ಆ ಊರಲ್ಲೇ ಇರಲಿಲ್ಲ. ಹೋಗಿ ನೋಡಿದರೆ ಮೂರನೇ ಜ್ವರಕ್ಕೆ ಕೂತಿದ್ದ ಹುಳುಗಳ ಮೇಲೆ ಗಂಟೆಗೊಂದು ಸಲ ಸೊಪ್ಪು ಸುರಿದಿದ್ದಾರೆ! ಅರ್ಧ ಹುಳು ಅದರಡಿಯಲ್ಲೇ ಹೂತುಹೋಗಿದ್ದವು. ನಾನು ಬಾಯಿಗೆ ಬಂದಂತೆ ಬೈದೆ.

“ಬಾಯಿರೋ ಜೀವ ಸಾರ್, ಪಾವಂ. ಅದು ಅಸ್ಕೊಂಡು ಕುಂತಿದ್ರೆ ನನ್ ಗಂಟ್ಲಲ್ಲಿ ಗಂಜಿ ಎಂಗೆ ಇಳೀತೈತೆ?” ಎಂದರು.

ಆ ಮಾತಿನ ಬೇರು ಎಲ್ಲಿದೆ ಎಂದು ಹೊರಗೆ ಬಂದಾಗ ಕಂಡಿತು. ಜಗಲಿಯ ಮೇಲೆ ಮಗಳು ಕವಿತಾ ಕೂತಿದ್ದಳು. ಧರ್ಮಪುರಿಯ ಶಾಲೆಯೊಂದರಲ್ಲಿ ಟೀಚರ್. ನಾಲ್ಕು ತಿಂಗಳ ಹಿಂದೆ ಅವಳ ಮಗು ಹೊಟ್ಟೆಯಲ್ಲೇ ಹೋಗಿತ್ತು. ಅಂದಿನಿಂದ ತವರಿನಲ್ಲಿ ಹೀಗೇ ಕೂತಿದ್ದಾಳೆ, ಎರಡು ತುತ್ತು ತಿಂದರೆ ಹೆಚ್ಚು. ಡಾಕ್ಟರು ನೋಡಿ ಮಾತ್ರೆ ಕೊಟ್ಟಿದ್ದರು. ದೇಹ ಚೇತರಿಸಿಕೊಂಡಿದೆ, ಮನಸ್ಸಿಗೆ ಸಮಯ ಕೊಡಿ, ಅವಸರ ಮಾಡಬೇಡಿ ಎಂದಿದ್ದರು. ಸಿದ್ದಮ್ಮನಿಗೆ ಏನು ಬೇಕಾದರೂ ಕೊಡುವ ಕೈ ಇತ್ತು, ಸಮಯ ಕೊಡುವುದು ಮಾತ್ರ ಆಗುತ್ತಿರಲಿಲ್ಲ. ಮುದ್ದೆ ತಟ್ಟೆ ಹಿಡಿದು ಹಿಂದೆ ಮುಂದೆ ಸುತ್ತುವುದು, ಪಾಲಮಲೆಯ ದೇವರಿಗೆ ಹರಕೆ ಹೊರುವುದು, ಅಳುವುದು. ಮುಂದಿನ ವಾರದ ಶುಕ್ರವಾರ ಅಳಿಯನನ್ನು ಕರೆಸಿ ಮಗಳನ್ನು ಕಳಿಸಿಬಿಡುವುದೆಂದು ತೀರ್ಮಾನವೂ ಆಗಿತ್ತು. “ಇಸ್ಕೂಲಿಗೆ ಓದ್ರೆ ಎಲ್ಲಾ ಸರಿ ಓಯ್ತೈತೆ ಸಾರ್.”

ಕವಿತಾ ನನ್ನತ್ತ ತಿರುಗಿ ಮೆಲ್ಲಗೆ ಹೇಳಿದಳು. “ಅವ್ವಂಗೆ ನೀವಾದ್ರೂ ಯೋಳಿ ಸಾರ್. ನಾನು ಓಗಲ್ಲ ಅಂತಿಲ್ಲ. ಈಗ ಬೇಡ ಅಂತಿವ್ನಿ.”

ಪರರ ಮನೆಯ ವಿಷಯ. ನಾನು ತಲೆಯಾಡಿಸಿ ಬಂದುಬಿಟ್ಟೆ. ಅದಕ್ಕೆ ಇವತ್ತಿಗೂ ನಾಚಿಕೆಯಿದೆ.

ನಾಲ್ಕನೇ ಜ್ವರ ಸೋಮವಾರ ಬೆಳಿಗ್ಗೆ ಬಂತು. ಈ ಸಲ ನಂಬಿಕೆಯಿಲ್ಲದೆ ನಾನೇ ಹೋಗಿ, ಸುಣ್ಣ ಹೊಡೆಸಿ, ಹುಳುಮನೆಯ ಬಾಗಿಲಿಗೆ ಅಡ್ಡ ಸ್ಟೂಲು ಹಾಕಿ ಕೂತೆ. ಸಿದ್ದಮ್ಮ ಸೊಪ್ಪಿನ ಕುಕ್ಕೆ ಹೊತ್ತು ಬಂದೇ ಬಂದರು. “ಒಂದೇ ಒಂದು ಇಡಿ ಸೊಪ್ಪು ಸಾರ್...”

ನನಗೆ ಪಿತ್ತ ನೆತ್ತಿಗೇರಿತು. ಹುಣಸೆಮರದ ಕೆಳಗೆ ಅವರ ಜೋಡಿ ಎತ್ತು ಮೆಲುಕು ಹಾಕುತ್ತಾ ಮಲಗಿದ್ದವು. “ಏನಮ್ಮಾ, ಇವತ್ತು ಎತ್ತು ಯಾಕೆ ಕಟ್ಟಿಲ್ಲ? ಹೊಲದಲ್ಲಿ ಉಳುಮೆ ಬಾಕಿ ಐತಲ್ಲ?”

“ಅಯ್ಯೋ ಸಿವನೇ, ಸೋಮಾರ ಯಾರಾದ್ರೂ ನೊಗ ಆಕ್ತಾರಾ? ಬಸವಣ್ಣನ ಎಗಲು ಆರ್ಬೇಕಲ್ಲ ಸಾರ್. ಅದು ದೇವ್ರು ಕೊಟ್ಟ ದಿನ.”

“ಕೆಲಸ ಕೆಟ್ಟರೆ?”

“ಕೆಟ್ರೆ ಕೆಡ್ಲಿ. ನಾಳೀಕೆ ಎದ್ದು ಅದೇ ದುಡೀತೈತೆ.”

“ಎತ್ತಿಗೆ ಕೊಟ್ಟ ಸೋಮವಾರನ ಈ ಹುಳಕ್ಕೂ ಕೊಡು ತಾಯೀ!” ಎಂದು ಕಿರುಚಿದೆ.

ನಾನು ಹೇಳಿದ್ದು ಹುಳದ ಮಾತು, ಅಷ್ಟೇ. ಸಿದ್ದಮ್ಮ ಮಾತ್ರ ಹುಳದ ಕಡೆ ನೋಡಲಿಲ್ಲ, ಜಗಲಿಯ ಕಡೆ ನೋಡಿದರು. ಕುಕ್ಕೆ ಇಳಿಸಿ ಸೆರಗಿನಿಂದ ಮುಖ ಮುಚ್ಚಿಕೊಂಡರು. “ಎತ್ತಿಗೆ ಕೊಟ್ಟೆ ಸಾರ್. ಎತ್ತ ಮಗ್ಳಿಗೆ ಕೊಡ್ನಿಲ್ವಲ್ಲ ನಾನು.” ನನಗೂ ಕಣ್ಣು ತುಂಬಿತು. ಸುಣ್ಣದ ಪುಡಿ ಬಿತ್ತು ಎಂದು ಒರೆಸಿಕೊಂಡೆ.

ಮಧ್ಯಾಹ್ನ ಅಳಿಯನಿಗೆ ಫೋನ್ ಹೋಯಿತು. ಕರೆದುಕೊಂಡು ಹೋಗುವುದು ಬೇಡ, ಸುಮ್ಮನೆ ಬಂದು ಹೆಂಡತಿಯ ಜೊತೆ ಎರಡು ದಿನ ಇರಪ್ಪಾ ಎಂದರು. ಊಟದ ಹೊತ್ತಿಗೆ ತಟ್ಟೆಯನ್ನು ಮಗಳ ಪಕ್ಕದಲ್ಲಿಟ್ಟು, ಒಂದು ಮಾತೂ ಆಡದೆ ಒಳಗೆ ಹೋದರು. ಆ ಹೆಂಗಸಿಗೆ ಅದೆಷ್ಟು ಕಷ್ಟವಾಗಿತ್ತೋ!

ಮಂಗಳವಾರ ಸಂಜೆ ನಾನು ಹುಳು ನೋಡುತ್ತಿದ್ದಾಗ ಬಾಗಿಲಲ್ಲಿ ಕವಿತಾ ನಿಂತಿದ್ದಳು. ಯಾರೂ ಕರೆದಿರಲಿಲ್ಲ. “ಎದ್ದಾವಾ ಸಾರ್?” ಎಂದಳು. ಎದ್ದಿವೆ ಎಂದೆ. ಕುಕ್ಕೆಯಿಂದ ಎಳೆಯ ಸೊಪ್ಪು ತೆಗೆದು ಒಂದೊಂದಾಗಿ ಹಾಸಿದಳು. ಸಾವಿರಾರು ಬಾಯಿಗಳು ಒಟ್ಟಿಗೆ ಮೇಯುವ ಸದ್ದು ಶುರುವಾಯಿತು. ಅವಳು ಅದನ್ನು ಕೇಳುತ್ತಾ ಅಲ್ಲೇ ನಿಂತಳು. ಸಿದ್ದಮ್ಮ ಅಡುಗೆಮನೆಯಿಂದ ಇಣುಕಿ ನೋಡಿ, ತುಟಿ ಕಚ್ಚಿಕೊಂಡು ಮರಳಿ ಒಳಗೆ ಹೋದರು.

ಪವಾಡವೇನೂ ಆಗಲಿಲ್ಲ. ಹಿಂದೆ ಆದ ತಪ್ಪಿಗೆ ಗೂಡು ಕಮ್ಮಿಯೇ ಬಂತು. ಕವಿತಾ ಶಾಲೆಗೆ ಹೊರಟಿದ್ದು ಇನ್ನೂ ಎರಡು ತಿಂಗಳಾದ ಮೇಲೆ, ತಾನೇ ಒಂದು ದಿನ ಬಟ್ಟೆ ಮಡಚಿಟ್ಟು.

ನಿವೃತ್ತಿಯಾದಾಗ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಬೆಳಗಾದರೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹುಳು ಯಾವ ಹಂತ, ಸುಣ್ಣ ಹೊಡೆದಿರಾ ಎಂದು ಕೇಳುವುದು. ಮೂವತ್ತು ವರ್ಷ ಊರಿಗೆಲ್ಲ ‘ಈಗ ಸುಮ್ಮನಿರಿ’ ಎಂದು ಪಾಠ ಹೇಳಿದವನು ನಾನೇ! ಸಿದ್ದಮ್ಮನ ಮನೆಗೂ ಮಾಡಿದೆ. ರಜೆಗೆ ಬಂದಿದ್ದ ಕವಿತಾ ಎತ್ತಿಕೊಂಡಳು. ಎಲ್ಲ ಕೇಳಿಸಿಕೊಂಡು, “ಸಾರ್, ಇವತ್ತು ಯಾವ ವಾರ?” ಎಂದಳು.

“ಗುರುವಾರ ಕಣಮ್ಮಾ. ಯಾಕೆ?”

“ಇಲ್ಲ ಸಾರ್, ನಿಮ್ಗೆ ಸೋಮಾರ,” ಎಂದು ನಕ್ಕಳು. ಅವಳ ನಗುವನ್ನು ನಾನು ಕೇಳಿದ್ದು ಅದೇ ಮೊದಲು. “ನೊಗ ಇಳ್ಸಿ. ಎಗಲು ಆರ್ಲಿ.”