ಅಳಿಯನಿಗಾಗಿ ಬಂದ ತಂಪು ಪೆಟ್ಟಿಗೆ

"ವಿಮಲಾ, ಕೆಂಪ ವೈನ್ ಎಷ್ಟ ಡಿಗ್ರಿಗೆ ಇಡಬೇಕ?"

ದೀಪಾವಳಿಗೆ ಇನ್ನೊಂದು ವಾರ ಇತ್ತು. ಮೂಡಲಗಿಯ ನನ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಫೋನ್ ಮಾಡಿದವನು ಕೊಣ್ಣೂರಿನಲ್ಲಿರುವ ನನ್ನ ಅಣ್ಣ ಭೂಪಾಲ. ನಮ್ಮಣ್ಣ ಉಳ್ಳಾಗಡ್ಡಿ ತಿನ್ನುವುದಿಲ್ಲ. ಬಸದಿಗೆ ಹೋಗಿ ಬರದೆ ಚಹಾ ಕುಡಿಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ. ಇಂಥವನು ವೈನಿನ ಡಿಗ್ರಿ ಕೇಳಿದರೆ ನಿಮಗೆ ಏನಾಗುತ್ತಿತ್ತೋ ಗೊತ್ತಿಲ್ಲ, ನನ್ನ ರೊಟ್ಟಿಯಂತೂ ಸೀದು ಹೋಯಿತು.

"ಯಾರಿಗೋ ಅಣ್ಣಾ?"

"ಅಳಿಯಂದ್ರಿಗೆ. ಮೊದಲನೇ ದಿವಾಳಿ ಅಲ್ಲೇನ? ಕೊಲ್ಲಾಪುರಕ್ಕ ಹೋಗಿ ವೈನ್ ಕೂಲರ್ ತಂದೀನಿ. ನೀ ಪೇಪರದಾಗ ಬರಿಯಾಕಿ, ನಿನಗ ಗೊತ್ತಿರ್ತೈತಿ."

(ಪೇಪರಿನಲ್ಲಿ ಬರೆಯುವವರಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಈಗ ನಮ್ಮಣ್ಣನೊಬ್ಬನಲ್ಲೇ ಉಳಿದಿರಬೇಕು.)

ಹಿಂದಿನ ಕಥೆ ಹೇಳಿಬಿಡುತ್ತೇನೆ. ಅಣ್ಣನ ಒಬ್ಬಳೇ ಮಗಳು ತ್ರಿಶಲಾಳನ್ನು ಈ ವೈಶಾಖದಲ್ಲಿ ಕೊಲ್ಲಾಪುರಕ್ಕೆ ಕೊಟ್ಟೆವು. ಅಳಿಯ ದೊಡ್ಡ ಕಂತ್ರಾಟದಾರ. ಕಾರು, ಬಂಗಲೆ, ನಗುಮುಖ. (ಹುಡುಗಿಯ ಹೆಸರು ಬದಲಿಸಿದ್ದೇನೆ. ಊರವರು ಗುರುತು ಹಿಡಿದರೆ ಹಿಡಿಯಲಿ.) ನಾಗರಪಂಚಮಿಗೆ ತವರಿಗೆ ಬಂದ ಹುಡುಗಿ ಜೋಕಾಲಿ ಹತ್ತಲಿಲ್ಲ. ತಾಯಿಯ ಮುಂದೆ ಕೂತು ಅತ್ತಳು. "ಅವರು ಕುಡಿತಾರವ್ವಾ. ಕುಡದ್ರ ಕೈ ಮಾಡ್ತಾರ."

ಮನೆಯಲ್ಲಿ ಮೀಟಿಂಗ್ ಆಯಿತು. ನನ್ನನ್ನೂ ಕರೆಸಿದರು. ಹುಡುಗಿ ಇಲ್ಲೇ ಇರಲಿ ಎಂದೆ. ನಮ್ಮ ವೈನಿ (ಅಣ್ಣನ ಹೆಂಡತಿಗೆ ನಮ್ಮ ಕಡೆ ಹಾಗೇ ಅನ್ನುವುದು, ನಗಬೇಡಿ) ಸೆರಗಿನಿಂದ ಕಣ್ಣೊರೆಸಿಕೊಂಡು "ಮಂದಿ ಏನಂತಾರ?" ಎಂದರು. ಕೊನೆಗೆ ಬೀಗರಿಗೆ ಫೋನ್ ಹೋಯಿತು. ಬೀಗರು ನಕ್ಕುಬಿಟ್ಟರಂತೆ.

"ಕುಡಿಯೂದು ಏನ್ ಬಂತ್ರಿ? ದೊಡ್ಡ ಮಂದಿ ಜೋಡಿ ಕುಂತಾಗ ಎರಡ ಗುಟಕ ವೈನ್. ಅದು ದ್ರಾಕ್ಷಿ ರಸ್ರಿ. ಡಾಕ್ಟರ್ ಸೈತ ತಗೋ ಅಂತಾರ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ದ್ರಾಕ್ಷಿ ರಸ! ಅಂದಮೇಲೆ ಅಳಿಯ ಕುಡಿಯುವುದು ದಾರು ಅಲ್ಲ. ಆ ವೈನನ್ನು ನಾವೇ ತಂಪು ಮಾಡಿ, ಗಾಜಿನ ಗ್ಲಾಸಿನಲ್ಲಿ ಮರ್ಯಾದೆಯಿಂದ ಕೊಟ್ಟರೆ ಅವನಿಗೂ ನಮ್ಮ ಮೇಲೆ ಮರ್ಯಾದೆ ಹುಟ್ಟುತ್ತದೆ. ಮರ್ಯಾದೆ ಹುಟ್ಟಿದರೆ ನಮ್ಮ ಹುಡುಗಿಯ ಮೇಲೆ ಕೈ ಮಾಡಲಾರ. ಇದು ಅಣ್ಣನ ತರ್ಕ. ಹೋಳಿಗೆಯ ಮೇಲೆ ತುಪ್ಪ ಸುರಿದು ಅಳಿಯಂದಿರನ್ನು ಒಲಿಸಿಕೊಂಡ ಮನೆತನ ನಮ್ಮದು. ಬಡಿಸುವ ವಸ್ತು ಬೇರೆ, ಅಷ್ಟೇ.

ಹೀಗೆ ಬಂತು ಪೆಟ್ಟಿಗೆ. ದೇವರ ಮನೆಯ ಕಡೆ ತರುವಂತಿಲ್ಲ. ಹೊರಗಿನ ಖೋಲಿಯಲ್ಲಿ ಗೋವಿನಜೋಳದ ಚೀಲಗಳ ನಡುವೆ ಇಟ್ಟರು. ಗಾಜಿನ ಬಾಗಿಲು, ಒಳಗೆ ನೀಲಿ ಲೈಟು, ಎರಡು ಖಾನೆ. ಮೇಲೆ ಒಂದು ಬಾಟಲಿ ಬಿಳಿ ವೈನು, ಕೆಳಗೆ ಒಂದು ಕೆಂಪು.

ನನಗೇನು ಗೊತ್ತು ಡಿಗ್ರಿ? ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಪಾಠ ಹೇಳುವ, ನಮ್ಮವರ ಗೆಳೆಯರೊಬ್ಬರಿಗೆ ಫೋನ್ ಹಚ್ಚಿದೆ. ಬಿಳಿಗೆ ಎಂಟರಿಂದ ಹತ್ತು, ಕೆಂಪಿಗೆ ಹದಿನಾಲ್ಕರಿಂದ ಹದಿನಾರು ಎಂದರು. ಕೆಂಪು ವೈನಿಗೆ ರೂಮ್ ಟೆಂಪರೇಚರ್ ಸಾಕು ಅನ್ನುತ್ತಾರಲ್ಲ ಎಂದೆ.

"ಅದು ಅವರ ದೇಶದ ರೂಮ್ರಿ ಅಕ್ಕಾರ. ನಿಮ್ಮ ಕೊಣ್ಣೂರ ಖೋಲಿ ಅಲ್ಲ."

ಗೋಡೆಗೆ ಒತ್ತಿ ಇಡಬಾರದಂತೆ, ಹಿಂದೆ ಗಾಳಿ ಆಡಬೇಕಂತೆ, ಬಾಗಿಲು ಪದೇ ಪದೇ ತೆಗೆಯಬಾರದಂತೆ. ಎಲ್ಲವನ್ನೂ ಅಣ್ಣನಿಗೆ ಮುಟ್ಟಿಸಿದೆ. ಅವನು ಚೀಲ ಸರಿಸಿದ. ಆದರೆ ಕರೆಂಟನ್ನು ಯಾರು ಸರಿ ಮಾಡಬೇಕು? ಅದು ಹೋಗಿ ಬಂದಾಗಲೆಲ್ಲ ಪೆಟ್ಟಿಗೆ ತನ್ನ ಹಳೆಯ ಅಂಕಿಗೇ ಮರಳುತ್ತಿತ್ತು. ಅಣ್ಣ ಮತ್ತೆ ಗುಂಡಿ ಒತ್ತಿ ಇಳಿಸುತ್ತಿದ್ದ. ಹಾಲು ಕಾಯಲು ಇಟ್ಟವರ ಹಾಗೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದನಂತೆ. ಬಾಟಲಿ ಮುಟ್ಟಿದ ಮೇಲೆ ಸ್ನಾನ ಬೇರೆ! ವೈನಿ ಹೇಳಿದಾಗ ನಾನು ನಕ್ಕೆ.

ಹಬ್ಬಕ್ಕೆ ನಾನೂ ಕೊಣ್ಣೂರಿಗೆ ಹೋದೆ. ಕಾರು ಬಂತು. ಅಳಿಯನಿಗೆ ಆರತಿ ಎತ್ತಿದೆವು. ಅವನ ಹಿಂದೆ ಇಳಿದ ತ್ರಿಶಲಾ ಅರ್ಧ ಆಗಿದ್ದಳು. ಅಣ್ಣ ಅವಳನ್ನು ಸರಿಯಾಗಿ ನೋಡಿದನೋ ಇಲ್ಲವೋ, ಅಳಿಯನನ್ನು ನೆಟ್ಟಗೆ ಖೋಲಿಗೆ ಕರೆದೊಯ್ದ.

"ಬಿಳೇದು ಒಂಬತ್ತು, ಕೆಂಪ ಹದಿನೈದು. ಬರೋಬ್ಬರಿ ಐತೋ ಇಲ್ಲೋ ನೋಡ್ರಿ."

ಪರೀಕ್ಷೆ ಬರೆದು ರಿಸಲ್ಟಿಗೆ ಕಾದ ಮುಖ. ಅರವತ್ತರ ಹತ್ತಿರದ ಮನುಷ್ಯ!

"ಇಷ್ಟ ಯಾಕ ತ್ರಾಸ ತಗೊಂಡ್ರಿ ಮಾವಾರ?" ಎಂದು ಅಳಿಯ ನಕ್ಕ. ಮಧ್ಯಾಹ್ನದ ಊಟಕ್ಕೆ ಮೊದಲೇ ಎರಡೂ ಖಾನೆ ಖಾಲಿ. ಗ್ಲಾಸು ಕೇಳಲೇ ಇಲ್ಲ. ಆಮೇಲೆ ಡ್ರೈವರನ್ನು ಗೋಕಾಕಕ್ಕೆ ಓಡಿಸಿ ಇನ್ನೇನನ್ನೋ ತರಿಸಿದ. ಊಟಕ್ಕೆ ಕೂತವನು ಹೋಳಿಗೆಯ ತಾಟನ್ನು ತಳ್ಳಿ, ಬಡಿಸುತ್ತಿದ್ದ ನಮ್ಮ ವೈನಿಗೆ ಒಂದು ಮಾತು ಅಂದ. ಅದನ್ನು ಇಲ್ಲಿ ಬರೆಯಲಾರೆ. ತ್ರಿಶಲಾ ಸುಮ್ಮನೆ ಅರಿವೆ ತಂದು ನೆಲ ಒರೆಸಿದಳು. ಅವಳಿಗೆ ಅದು ರೂಢಿಯಾಗಿತ್ತು ಎಂಬುದು ಒರೆಸುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಅಣ್ಣ ಎಲ್ಲಿ? ಖೋಲಿಯಲ್ಲಿ. ಹೋದ ಕರೆಂಟು ಬಂದಿತ್ತು, ಗುಂಡಿ ಒತ್ತುತ್ತಿದ್ದ. ಖಾಲಿ ಪೆಟ್ಟಿಗೆಗೆ! ತ್ರಿಶಲಾ ಬಾಗಿಲಲ್ಲಿ ನಿಂತಳು. ನಾನು ಅವಳ ಹಿಂದೆ ನಿಂತೆ.

"ಬಿಡ ಅಪ್ಪಾ. ಅವರು ತಂಪರ ಇರಲಿ, ಬಿಸಿಯರ ಇರಲಿ, ಕುಡಿತಾರ. ಪಂಚಮ್ಯಾಗ ನಾ ಅಷ್ಟ ಅಳಕೋಂತ ಹೇಳಿದ್ನಲ್ಲಾ, ಅದಕ್ಕ ನೀ ತಂದದ್ದು ಇದನ್ನ?"

ಅಣ್ಣ ತಿರುಗಲಿಲ್ಲ.

"ನಾ ಇಲ್ಲೇ ಇರ್ತೀನಿ ಅಪ್ಪಾ."

"ಮದವಿ ಆಗಿ ವರ್ಷ ತುಂಬಿಲ್ಲವ್ವಾ. ಮಂದಿಗೆ ಏನಂತ ಹೇಳೂನು?"

ನಾನು ಬಾಯಿ ಹಾಕಿದೆ. ಜಗಳವನ್ನೇ ಆಡಿದೆ ಅನ್ನಿ. ಅಣ್ಣ ಆಗ ತಿರುಗಿದ. "ನೀ ಅಂದ್ರ ಕೊಟ್ಟ ಹೆಣ್ಣು ವಿಮಲಾ. ನಿನಗ್ಯಾಕ ಈ ಮನಿ ಉಸಾಬರಿ?"

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಗಾದೆ ಚಿಕ್ಕಂದಿನಿಂದ ಗೊತ್ತು. ನನ್ನ ಅಣ್ಣನ ಬಾಯಿಂದ ಕೇಳಿದ್ದು ಅವತ್ತೇ. ವೈನಿನ ಡಿಗ್ರಿ ಕೇಳುವಾಗ ನಾನು ಮನೆಯವಳು, ಹುಡುಗಿಯ ಮಾತು ಬಂದಾಗ ಹೊರಗಿನವಳು!

ಮರುದಿನ ವೈನಿ ಮಗಳಿಗೆ ಉಡಿ ತುಂಬಿದರು. ತ್ರಿಶಲಾ ಅಳಲಿಲ್ಲ. ಕಾರು ಹೋಯಿತು. ನಾನೂ ಬಸ್ಸು ಹತ್ತಿ ಮೂಡಲಗಿಗೆ ಬಂದೆ. ಬಂದು ಇದನ್ನು ಬರೆಯುತ್ತಿದ್ದೇನೆ. ಇದರಿಂದ ಏನಾದರೂ ಆಗುತ್ತದೆಯೇ? ಏನೂ ಆಗುವುದಿಲ್ಲ. ಬೀಗರು ಕನ್ನಡ ಪೇಪರು ಓದುವುದಿಲ್ಲ. ಅಣ್ಣ ಓದುತ್ತಾನೆ, ಓದಿ ಮಡಿಸಿ ಇಡುತ್ತಾನೆ. ನನಗೆ ಸಾಕಾಗಿದೆ.

ನಿನ್ನೆ ವೈನಿಯ ಫೋನು. ಅಣ್ಣ ಟೆಂಪೋ ಮಾಡಿಕೊಂಡು ಕೊಲ್ಲಾಪುರಕ್ಕೆ ಹೋಗಿ, ಕೂಲರನ್ನು ಅಂಗಡಿಗೆ ಮರಳಿಸಿ ಬಂದನಂತೆ. ವಾಪಸ್ ತಗೋ ಎನ್ನಲು ನಾಚಿಕೊಂಡು ನಿಂತಿದ್ದನಂತೆ. ಅಂಗಡಿಯವನೇ ಸಮಾಧಾನ ಹೇಳಿದನಂತೆ. "ಹೊಂದಲಿಲ್ಲಂದ್ರ ವಾಪಸ್ ತರೂದ್ರಾಗ ನಾಚಿಕಿ ಏನ್ರಿ ಸಾವಕಾರ್ರ?"

ಆ ಅಂಗಡಿಯಿಂದ ತ್ರಿಶಲಾಳ ಮನೆ ಎರಡು ಗಲ್ಲಿ ಆಚೆ.

ಅಣ್ಣಾ, ಬರುವಾಗ ಟೆಂಪೋದಲ್ಲಿ ಜಾಗ ಇರಲಿಲ್ಲವೇ?